ವಕೀಲ ಗಾಂಧಿ ಮತ್ತು ತಪ್ಪಿನ ಲೆಕ್ಕ

ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷ ಅಭ್ಯಾಸ ಬೋಧನೆಗೆಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಪ್ರೌಢಶಾಲೆಗಳಿಗೆ ಹೋಗುತ್ತಾರೆ. ಸಮಾಜ ವಿಜ್ಞಾನವನ್ನು ಆರಿಸಿಕೊಂಡವರಲ್ಲಿ ಒಬ್ಬರ ಪಾಲಿಗಾದರೂ ಗಾಂಧೀಜಿಯವರ ಪಾಠ ಬಂದೇ ಬರುತ್ತದೆ. ವೀಕ್ಷಕನಾಗಿ ಹಿಂದಿನ ಬೆಂಚಿನಲ್ಲಿ ಕುಳಿತು ಈ ಪಾಠವನ್ನು ನಾನು ಹಲವು ಸಲ ಕೇಳಿದ್ದೇನೆ. ಚಂಪಾರಣ್, ಅಸಹಕಾರ ಚಳವಳಿ, ದಂಡಿ, ಕ್ವಿಟ್ ಇಂಡಿಯಾ ಎಂದು ಇಸವಿಗಳು ಕಪ್ಪುಹಲಗೆಯ ಮೇಲೆ ಸಾಲಾಗಿ ಇಳಿಯುತ್ತವೆ. ಅವರು ಬ್ಯಾರಿಸ್ಟರ್ ಆಗಿದ್ದರು ಎಂಬ ಸಂಗತಿ ಮಾತ್ರ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ.

ಆದರೆ ಅವರ ಜೀವನದಲ್ಲಿ ಸುಮಾರು ಇಪ್ಪತ್ತು ವರ್ಷ ವಕೀಲಿ ವೃತ್ತಿಗೆ ಸಂದಿದೆ. ಮುಂದಿನ ಹೋರಾಟಗಳಲ್ಲಿ ನಾವು ಕಾಣುವ ಎಷ್ಟೋ ಗುಣಗಳು ಗಟ್ಟಿಯಾದದ್ದು ಕೋರ್ಟು, ಕಕ್ಷಿದಾರ, ಲೆಕ್ಕದ ಪುಸ್ತಕಗಳ ನಡುವೆ. ಶಿಕ್ಷಕ ವೃತ್ತಿಗೆ ಸಿದ್ಧರಾಗುತ್ತಿರುವವರಿಗೆ ಆ ಭಾಗವೇ ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ವಕೀಲನ ಕೈಗೆ ಒಬ್ಬ ಮನುಷ್ಯ ತನ್ನ ಆಸ್ತಿಯನ್ನೋ ಮಾನವನ್ನೋ ಒಪ್ಪಿಸುತ್ತಾನೆ. ಶಿಕ್ಷಕನ ಕೈಗೆ ತಂದೆತಾಯಿ ಮಗುವನ್ನು ಒಪ್ಪಿಸುತ್ತಾರೆ. ಎರಡು ಕಡೆಯೂ ತಪ್ಪುಗಳಾಗುತ್ತವೆ. ಆದ ತಪ್ಪನ್ನು ಏನು ಮಾಡಬೇಕೆಂಬುದೇ ವೃತ್ತಿಶಿಸ್ತಿನ ಮುಖ್ಯ ಪ್ರಶ್ನೆ. ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ವಕೀಲ ಗಾಂಧಿಯವರ ಜೀವನವನ್ನು ಇಲ್ಲಿ ಹೇಳುತ್ತಿದ್ದೇನೆ. ಇದರ ಬಹುಪಾಲು ಘಟನೆಗಳನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಆ ಆತ್ಮಕಥೆ 1925ರಿಂದ 1929ರವರೆಗೆ ವಾರವಾರ ಪತ್ರಿಕೆಯಲ್ಲಿ ಪ್ರಕಟವಾಯಿತು. 1927ರಲ್ಲಿ ಅವರು ಆರೋಗ್ಯ ಸುಧಾರಣೆಗೆಂದು ನಂದಿ ಬೆಟ್ಟದಲ್ಲೂ ನಮ್ಮ ಬೆಂಗಳೂರಿನಲ್ಲೂ ತಂಗಿದ್ದು ಆ ಅವಧಿಯಲ್ಲೇ.

ಶಾಲೆಯಲ್ಲಿ ಮೊದಲ ಪಾಠ

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸರು ರಾಜಕೋಟೆಯ ಪ್ರೌಢಶಾಲೆಯಲ್ಲಿ ಮೊದಲ ವರ್ಷದಲ್ಲಿದ್ದಾಗ ಜೈಲ್ಸ್ ಎಂಬ ಇನ್ಸ್‌ಪೆಕ್ಟರ್ ತಪಾಸಣೆಗೆ ಬಂದರು. ಐದು ಇಂಗ್ಲಿಷ್ ಪದಗಳನ್ನು ಬರೆಯಲು ಹೇಳಿದರು. ಅವುಗಳಲ್ಲಿ ಕೆಟಲ್ ಎಂಬ ಪದವನ್ನು ಬಾಲಕ ತಪ್ಪಾಗಿ ಬರೆದಿದ್ದ. ತರಗತಿಯ ಶಿಕ್ಷಕರು ತಮ್ಮ ಬೂಟಿನ ತುದಿಯಿಂದ ತಿವಿದು, ಪಕ್ಕದವನ ಸ್ಲೇಟು ನೋಡಿ ತಿದ್ದಿಕೊಳ್ಳುವಂತೆ ಸೂಚಿಸಿದರು. ಬಾಲಕನಿಗೆ ಅದು ಹೊಳೆಯಲೇ ಇಲ್ಲ. ನಕಲು ಮಾಡದಂತೆ ನೋಡಿಕೊಳ್ಳಲು ಶಿಕ್ಷಕರು ನಿಂತಿದ್ದಾರೆ ಎಂದೇ ಅವನು ತಿಳಿದಿದ್ದ. ಉಳಿದವರೆಲ್ಲ ಐದೂ ಪದಗಳನ್ನು ಸರಿಯಾಗಿ ಬರೆದರು, ಇವನೊಬ್ಬ ಮಾತ್ರ ದಡ್ಡನಾದ.

ಈ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬಾಲಕನ ಪ್ರಾಮಾಣಿಕತೆಯ ಉದಾಹರಣೆಯಾಗಿ ಹೇಳಿ ಮುಗಿಸುತ್ತೇವೆ. ಪ್ರಶಿಕ್ಷಣಾರ್ಥಿಗಳು ಇದನ್ನು ಶಿಕ್ಷಕರ ಕಡೆಯಿಂದಲೂ ಓದಬೇಕು. ಮಗುವಿನ ಕಾಗುಣಿತ ತಪ್ಪಾದದ್ದು ಸಹಜ, ಮರುದಿನ ಹೇಳಿಕೊಟ್ಟರೆ ಸರಿಹೋಗುವಂಥದ್ದು. ಮೇಲಧಿಕಾರಿಯ ಕಣ್ಣಿಗೆ ಅದು ಬೀಳದಿರಲಿ ಎಂದು ಶಿಕ್ಷಕರು ಮಾಡಿದ ಸನ್ನೆ ಮಾತ್ರ ವೃತ್ತಿಯ ತಪ್ಪು. ಅದಕ್ಕೆ ಕಾರಣ ಕೆಟ್ಟತನವಲ್ಲ, ತಪಾಸಣೆಯ ಭಯ. ಈ ಭಯದ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಎದ್ದು ನಿಂತು ಮಾತು ಹೊರಡದ ದಿನ

ಲಂಡನ್ನಿನ ಇನ್ನರ್ ಟೆಂಪಲ್‌ನಲ್ಲಿ ಓದಿದ ಗಾಂಧಿಯವರು 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು, ಮರುದಿನ ಹೈಕೋರ್ಟಿನಲ್ಲಿ ಹೆಸರು ನೋಂದಾಯಿಸಿದರು, ಅದರ ಮರುದಿನ ಊರಿಗೆ ಹಡಗು ಹತ್ತಿದರು. ಕೈಯಲ್ಲಿ ಪದವಿ ಇತ್ತು. ಆದರೆ ಕೋರ್ಟಿನಲ್ಲಿ ಮೊಕದ್ದಮೆ ನಡೆಸುವುದು ಹೇಗೆಂಬುದು ಗೊತ್ತಿರಲಿಲ್ಲ. ನಮ್ಮ ಬಿ.ಇಡಿ. ಭಾಷೆಯಲ್ಲಿ ಹೇಳುವುದಾದರೆ, ಸಿದ್ಧಾಂತದ ಪತ್ರಿಕೆಗಳೆಲ್ಲ ಪಾಸಾಗಿದ್ದವು, ಅಭ್ಯಾಸ ಪಾಠ ಒಂದೂ ಆಗಿರಲಿಲ್ಲ.

ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮಮೀಬಾಯಿ ಎಂಬಾಕೆಯ ಮೊಕದ್ದಮೆ ಅವರ ಮೊದಲನೆಯದು. ಕೇಸು ತಂದುಕೊಟ್ಟ ದಲ್ಲಾಳಿಗೆ ಕಮಿಷನ್ ಕೊಡಬೇಕೆಂದು ಹೇಳಿದವರಿದ್ದರು, ಅವರು ಒಪ್ಪಲಿಲ್ಲ. ಶುಲ್ಕ ಮೂವತ್ತು ರೂಪಾಯಿ. ಅವರು ಪ್ರತಿವಾದಿಯ ಪರ, ವಾದಿಯ ಸಾಕ್ಷಿಗಳಿಗೆ ಪಾಟೀಸವಾಲು ಹಾಕಬೇಕಿತ್ತು. ಎದ್ದು ನಿಂತರು. ತಲೆ ಗಿರ್ರೆಂದಿತು, ಕೋರ್ಟೇ ಸುತ್ತಿದಂತಾಯಿತು. ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ಕುಳಿತುಬಿಟ್ಟರು. ಕಕ್ಷಿದಾರಳ ಕಡೆಯವನಿಗೆ ತಮ್ಮಿಂದ ಆಗದೆಂದು ತಿಳಿಸಿ, ಪಟೇಲ್ ಎಂಬ ವಕೀಲರನ್ನು ನೇಮಿಸಿಕೊಳ್ಳಲು ಹೇಳಿ, ಶುಲ್ಕ ವಾಪಸು ಕೊಟ್ಟರು. ಪಟೇಲರು ಐವತ್ತೊಂದು ರೂಪಾಯಿ ತೆಗೆದುಕೊಂಡರು. ನಡೆಸುವ ಧೈರ್ಯ ಬರುವವರೆಗೆ ಕೇಸು ಹಿಡಿಯುವುದಿಲ್ಲವೆಂದು ಗಾಂಧಿಯವರು ನಿಶ್ಚಯಿಸಿದರು.

ಅವರು ಸೋತ ಬಗೆಯನ್ನು ನೋಡಿ. ಏನೋ ನಾಲ್ಕು ಪ್ರಶ್ನೆ ಕೇಳಿದಂತೆ ಮಾಡಿ ಮೂವತ್ತು ರೂಪಾಯಿ ಉಳಿಸಿಕೊಳ್ಳಬಹುದಿತ್ತು. ನಷ್ಟವಾದರೆ ಅದು ಮಮೀಬಾಯಿಗೆ. ಅವರು ಹಾಗೆ ಮಾಡದೆ, ನಷ್ಟವನ್ನೂ ನಾಚಿಕೆಯನ್ನೂ ತಾವೇ ಹೊತ್ತುಕೊಂಡು ಆಕೆಯ ಕೇಸನ್ನು ಬಲ್ಲವರ ಕೈಗೆ ದಾಟಿಸಿದರು.

ಇದಾದ ಮೇಲೆ ನಡೆದದ್ದು ಶಿಕ್ಷಕರಾದ ನಮಗೆ ಸ್ವಾರಸ್ಯವಾದ ಸಂಗತಿ. ಒಂದು ಹೆಸರಾಂತ ಪ್ರೌಢಶಾಲೆಗೆ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಕಲಿಸುವ ಶಿಕ್ಷಕರು ಬೇಕಾಗಿದ್ದಾರೆ, ಸಂಬಳ ಎಪ್ಪತ್ತೈದು ರೂಪಾಯಿ ಎಂಬ ಜಾಹೀರಾತು ನೋಡಿ ಅವರು ಅರ್ಜಿ ಹಾಕಿದರು. ಸಂದರ್ಶನಕ್ಕೂ ಹೋದರು. ಬಿ.ಎ. ಪದವೀಧರರಲ್ಲವೆಂಬ ಕಾರಣಕ್ಕೆ ಮುಖ್ಯೋಪಾಧ್ಯಾಯರು ತೆಗೆದುಕೊಳ್ಳಲಿಲ್ಲ. ಆ ಕೆಲಸ ಸಿಕ್ಕಿದ್ದರೆ ಅವರು ನಮ್ಮ ವೃತ್ತಿಯವರೇ ಆಗಿಬಿಡುತ್ತಿದ್ದರೇನೋ.

ಪರಿಚಯದ ಬಲ

ರಾಜಕೋಟೆಗೆ ಹಿಂದಿರುಗಿ ಅರ್ಜಿ, ಮನವಿಗಳನ್ನು ಬರೆದುಕೊಡುತ್ತ ಗಾಂಧಿಯವರು ಹೇಗೋ ಜೀವನ ಸಾಗಿಸತೊಡಗಿದರು. ಅಲ್ಲಿ ಇನ್ನೊಂದು ಬಗೆಯ ತಪ್ಪು ಅವರಿಂದ ಆಯಿತು. ಪೋರಬಂದರಿನ ರಾಣಾಸಾಹೇಬರಿಗೆ ಕೆಟ್ಟ ಸಲಹೆ ಕೊಟ್ಟರೆಂಬ ಆರೋಪ ಅವರ ಅಣ್ಣನ ಮೇಲಿತ್ತು. ವಿಷಯ ಪೊಲಿಟಿಕಲ್ ಏಜೆಂಟರ ಮುಂದಿತ್ತು. ಆ ಅಧಿಕಾರಿ ಇಂಗ್ಲೆಂಡಿನಲ್ಲಿ ಗಾಂಧಿಯವರಿಗೆ ಪರಿಚಯವಾಗಿದ್ದವರು. ಒಂದು ಮಾತು ಹೇಳಿ ಬಾ ಎಂದು ಅಣ್ಣ ಒತ್ತಾಯಿಸಿದರು. ಮನಸ್ಸಿಲ್ಲದಿದ್ದರೂ ಹೋದರು. ಅಣ್ಣ ಹೇಳಬೇಕಾದ್ದನ್ನು ಕ್ರಮಪ್ರಕಾರ ಅರ್ಜಿಯಲ್ಲಿ ಹೇಳಲಿ ಎಂದು ಅಧಿಕಾರಿ ಮಾತು ಮುಗಿಸಿದರು. ಗಾಂಧಿಯವರು ಮತ್ತೂ ಹೇಳಲು ಹೋದಾಗ ಜವಾನನಿಂದ ಹೊರಗೆ ಹಾಕಿಸಿದರು.

ಅವಮಾನದಿಂದ ಕುದಿದ ಅವರು ಅಧಿಕಾರಿಯ ಮೇಲೆ ದಾವೆ ಹೂಡುವ ಯೋಚನೆ ಮಾಡಿದರು. ಆಗ ರಾಜಕೋಟೆಗೆ ಬಂದಿದ್ದ ಫಿರೋಜಷಾ ಮೆಹ್ತಾ ಅವರ ಸಲಹೆ ಕೇಳಿಸಿದಾಗ, ಅವಮಾನ ನುಂಗಿಕೊಂಡು ಸುಮ್ಮನಿರುವುದೇ ಲೇಸೆಂಬ ಉತ್ತರ ಬಂತು. ಅಧಿಕಾರಿಯ ಸಿಟ್ಟು ಅತಿಯಾಯಿತೆಂದು ಗಾಂಧಿಯವರು ಕೊನೆಯವರೆಗೂ ನಂಬಿದ್ದರು. ಆದರೆ ತಾವು ಅಲ್ಲಿಗೆ ಹೋದದ್ದೇ ತಪ್ಪೆಂಬುದನ್ನೂ ಮುಚ್ಚಿಡಲಿಲ್ಲ. ಎದುರಿನವನ ದೊಡ್ಡ ತಪ್ಪಿನ ಹಿಂದೆ ತನ್ನ ಸಣ್ಣ ತಪ್ಪನ್ನು ಅಡಗಿಸಿಡುವುದು ಮನುಷ್ಯ ಸ್ವಭಾವ. ಅವರು ಎರಡನ್ನೂ ಬೇರೆ ಬೇರೆ ಎಣಿಸಿದರು. ಸ್ನೇಹ, ಪರಿಚಯಗಳನ್ನು ಹೀಗೆ ಇನ್ನೆಂದೂ ಬಳಸುವುದಿಲ್ಲವೆಂದು ನಿರ್ಧರಿಸಿದರು.

ಲೆಕ್ಕ ಕಲಿತ ವಕೀಲ

1893ರಲ್ಲಿ ದಾದಾ ಅಬ್ದುಲ್ಲಾ ಕಂಪನಿಯ ಕೆಲಸಕ್ಕೆಂದು ಅವರು ದಕ್ಷಿಣ ಆಫ್ರಿಕಕ್ಕೆ ಹೋದರು. ಒಂದು ವರ್ಷದ ಕರಾರು, 105 ಪೌಂಡು ಸಂಭಾವನೆ. ಮೊಕದ್ದಮೆ ಸುಮಾರು 40,000 ಪೌಂಡಿನದು. ಎದುರುಪಕ್ಷ ಪ್ರಿಟೋರಿಯದ ತಯ್ಯಬ್ ಸೇಟ್, ದಾದಾ ಅಬ್ದುಲ್ಲಾರ ಹತ್ತಿರದ ಸಂಬಂಧಿ. ಇಡೀ ವ್ಯಾಜ್ಯ ನಿಂತಿದ್ದು ಲೆಕ್ಕದ ಮೇಲೆ. ಗಾಂಧಿಯವರಿಗೋ ಜಮಾ ಯಾವುದು, ಖರ್ಚು ಯಾವುದು ಎಂಬುದೇ ಗೊತ್ತಿರಲಿಲ್ಲ. ಪ್ರಾಮಿಸರಿ ನೋಟನ್ನು ಗುಮಾಸ್ತರು ಸಂಕ್ಷಿಪ್ತವಾಗಿ ಪಿ. ನೋಟ್ ಎಂದಾಗ ಅದೇನೆಂದು ಅವರಿಗೆ ತಿಳಿಯಲಿಲ್ಲ. ಗುಮಾಸ್ತನನ್ನೇ ಕೇಳಿ ತಿಳಿದುಕೊಂಡರು. ಲೆಕ್ಕ ಬರೆಯುವ ವಿಧಾನದ ಪುಸ್ತಕವೊಂದನ್ನು ಕೊಂಡು ಕೂತು ಓದಿದರು. ಕಕ್ಷಿದಾರನ ಕಾಗದಪತ್ರಗಳನ್ನೆಲ್ಲ ತಿರುವಿಹಾಕಿದರು. ನಡೆದ ಸಂಗತಿಗಳನ್ನು ಸರಿಯಾಗಿ ಹಿಡಿದರೆ ಕಾನೂನಿನ ಮುಕ್ಕಾಲು ಪಾಲು ಕೈಗೆ ಬಂದಂತೆ ಎಂಬುದು ಅವರಿಗೆ ಆಗ ಮನವರಿಕೆಯಾಯಿತು.

ಇಲ್ಲಿ ಒಂದು ಮಾತನ್ನು ಪ್ರಶಿಕ್ಷಣಾರ್ಥಿಗಳಿಗೆ ಒತ್ತಿ ಹೇಳಬೇಕು. ಮಾಡಬೇಕಾದ ಸಿದ್ಧತೆಯನ್ನೆಲ್ಲ ಮಾಡಿದ ಮೇಲೂ ಉಳಿದುಕೊಳ್ಳುವ ತಪ್ಪಿಗೆ ಮಾತ್ರ ಪ್ರಾಮಾಣಿಕ ತಪ್ಪು ಎಂಬ ಹೆಸರು ಸಲ್ಲುತ್ತದೆ. ಪಾಠ ಟಿಪ್ಪಣಿಯನ್ನು ಹಿಂದಿನ ಬ್ಯಾಚಿನವರ ಪುಸ್ತಕದಿಂದ ಇಳಿಸಿಕೊಂಡು ಬಂದು ತರಗತಿಯಲ್ಲಿ ತಪ್ಪು ಹೇಳಿದರೆ ಅದು ಪ್ರಾಮಾಣಿಕ ತಪ್ಪಲ್ಲ, ಕರ್ತವ್ಯಲೋಪ.

ದಾದಾ ಅಬ್ದುಲ್ಲಾರ ಪಕ್ಷ ಗಟ್ಟಿಯಾಗಿತ್ತು. ಆದರೂ ಕೋರ್ಟಿನಲ್ಲೇ ಎಳೆದಾಡಿದರೆ ಎರಡೂ ಮನೆಗಳು ವಕೀಲರ ಶುಲ್ಕಕ್ಕೇ ಹಾಳಾಗುತ್ತವೆಂದು ಕಂಡ ಗಾಂಧಿಯವರು ಇಬ್ಬರನ್ನೂ ಪಂಚಾಯಿತಿಗೆ ಒಪ್ಪಿಸಿದರು. ತೀರ್ಪು ದಾದಾ ಅಬ್ದುಲ್ಲಾರ ಪರವಾಯಿತು. ತಯ್ಯಬ್ ಸೇಟ್ 37,000 ಪೌಂಡು ಮತ್ತು ಖರ್ಚು ಕೊಡಬೇಕಾಯಿತು. ಒಂದೇ ಗಂಟಿನಲ್ಲಿ ಕೊಟ್ಟರೆ ಅವರು ದಿವಾಳಿಯಾಗುತ್ತಿದ್ದರು. ಆದ್ದರಿಂದ ಗಾಂಧಿಯವರು ತಮ್ಮ ಕಕ್ಷಿದಾರನ ಮನವೊಲಿಸಿ ದೀರ್ಘಾವಧಿಯ ಕಂತುಗಳನ್ನು ಕೊಡಿಸಿದರು. ಮುಂದೆ ನೂರಾರು ವ್ಯಾಜ್ಯಗಳನ್ನು ಹೀಗೆಯೇ ಕೋರ್ಟಿನ ಹೊರಗೆ ಬಗೆಹರಿಸಿದರು.

ಜಮೆಯ ಕಡೆ ಬಿದ್ದ ಖರ್ಚು

ಈಗ ಈ ಬರಹದ ಮುಖ್ಯ ಘಟನೆಗೆ ಬರುತ್ತೇನೆ. ಗಾಂಧಿಯವರು ಕಿರಿಯ ವಕೀಲರಾಗಿದ್ದ ಇನ್ನೊಂದು ದೊಡ್ಡ ಲೆಕ್ಕದ ಮೊಕದ್ದಮೆ. ಲೆಕ್ಕ ಜಟಿಲವಾಗಿದ್ದುದರಿಂದ ಕೋರ್ಟು ಅದನ್ನು ಲೆಕ್ಕಪತ್ರ ಬಲ್ಲ ಪಂಚರಿಗೆ ಒಪ್ಪಿಸಿತ್ತು. ಪಂಚರ ತೀರ್ಪು ಪೂರ್ತಿಯಾಗಿ ಗಾಂಧಿಯವರ ಕಕ್ಷಿದಾರನ ಪರ ಬಂತು. ಆದರೆ ಅದರಲ್ಲೊಂದು ತಪ್ಪು ನುಸುಳಿತ್ತು. ಖರ್ಚಿನ ಕಡೆ ಬರೆಯಬೇಕಿದ್ದ ಒಂದು ಬಾಬತ್ತು ಜಮೆಯ ಕಡೆ ಬಿದ್ದಿತ್ತು. ಮೊತ್ತ ದೊಡ್ಡದಲ್ಲ, ಆದರೂ ತಪ್ಪು ತಪ್ಪೇ. ಪಂಚರು ಬೇಕೆಂದು ಮಾಡಿದ್ದಲ್ಲ. ಎದುರುಪಕ್ಷದವರು ತೀರ್ಪನ್ನು ಬೇರೆ ಕಾರಣಗಳಿಗಾಗಿ ವಿರೋಧಿಸಿದ್ದರು, ಈ ತಪ್ಪು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಹಿರಿಯ ವಕೀಲರ ಅಭಿಪ್ರಾಯ ಸ್ಪಷ್ಟವಾಗಿತ್ತು. ನಮ್ಮ ಕಕ್ಷಿದಾರನಿಗೆ ಹಾನಿಯಾಗುವ ಸಂಗತಿಯನ್ನು ನಾವೇ ಎತ್ತಿ ತೋರಿಸುವ ಕರ್ತವ್ಯ ನಮಗಿಲ್ಲ. ತೋರಿಸಿದರೆ ಕೋರ್ಟು ಇಡೀ ತೀರ್ಪನ್ನೇ ರದ್ದು ಮಾಡಬಹುದು. ಗೆದ್ದ ಕೇಸನ್ನು ಅಂಥ ಅಪಾಯಕ್ಕೆ ಒಡ್ಡುವುದು ಬುದ್ಧಿವಂತ ವಕೀಲನ ಲಕ್ಷಣವಲ್ಲ. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಹಿರಿಯರು ಮೋಸಗಾರರಲ್ಲ. ಕಕ್ಷಿದಾರನ ಹಿತ ಕಾಯುವುದೂ ವಕೀಲನ ಧರ್ಮವೇ.

ಗಾಂಧಿಯವರ ವಾದ ಬೇರೆಯಿತ್ತು. ತಪ್ಪು ಕಂಡ ಮೇಲೆ ಅದನ್ನು ಹೇಳಲೇಬೇಕು. ನಾವು ಬಾಯಿ ಮುಚ್ಚಿಕೊಂಡ ಮಾತ್ರಕ್ಕೆ ತಪ್ಪು ತೀರ್ಪನ್ನು ಕೋರ್ಟು ಎತ್ತಿಹಿಡಿಯುತ್ತದೆಂಬ ಭರವಸೆ ಏನು? ಹೇಳಿದ್ದರಿಂದ ಕಕ್ಷಿದಾರನಿಗೆ ನಷ್ಟವಾಯಿತೆಂದೇ ಇಟ್ಟುಕೊಂಡರೂ, ಅದು ಅವನ ಪಾಲಿಗೆ ಬರಬೇಕಾದ ನಷ್ಟವೇ ತಾನೆ? ಈ ಮಾತುಗಳನ್ನು ಅವರು ಆಡಿದ್ದು ಕಕ್ಷಿದಾರನ ಎದುರಿನಲ್ಲೇ. ತಪ್ಪನ್ನು ಒಪ್ಪಿಕೊಳ್ಳುವುದಾದರೆ ತಾವು ವಾದಿಸಲಾರೆವೆಂದು ಹಿರಿಯರು ಹಿಂದೆ ಸರಿದರು. ಕಕ್ಷಿದಾರ ಸ್ವಲ್ಪ ಹೊತ್ತು ಯೋಚಿಸಿ, ನೀವೇ ವಾದಿಸಿ, ಸೋಲು ಹಣೆಯಲ್ಲಿ ಬರೆದಿದ್ದರೆ ಸೋಲೋಣ ಎಂಬ ಧಾಟಿಯಲ್ಲಿ ಒಪ್ಪಿದ.

ಕೋರ್ಟಿನಲ್ಲಿ ಗಾಂಧಿಯವರು ಲೆಕ್ಕದ ತಪ್ಪಿನ ಪ್ರಸ್ತಾಪ ಎತ್ತಿದ ಕೂಡಲೆ ನ್ಯಾಯಾಧೀಶರಲ್ಲೊಬ್ಬರು ಇದು ಕೈಚಳಕವಲ್ಲವೇ ಎಂದು ಸಂಶಯಪಟ್ಟರು. ನಿಜ ಹೇಳಲು ನಿಂತವನ ಮೇಲೇ ಮೋಸದ ಅನುಮಾನ! ಅವರ ಒಳಗು ಕುದಿಯಿತು. ಸಿಟ್ಟನ್ನು ತಡೆದುಕೊಂಡು, ಪೂರ್ತಿ ಕೇಳದೆ ಸಂಶಯಪಡುವುದು ಸರಿಯಲ್ಲವೆಂದು ವಿನಯದಿಂದ ಸೂಚಿಸಿ, ತಪ್ಪು ಹೇಗಾಯಿತೆಂದು ವಿವರಿಸುತ್ತ ಹೋದರು. ನ್ಯಾಯಾಧೀಶರು ಗಮನವಿಟ್ಟು ಕೇಳಿದರು. ಎದುರು ವಕೀಲರು ಈ ಒಂದು ತಪ್ಪನ್ನೇ ಹಿಡಿದು ಇಡೀ ತೀರ್ಪು ರದ್ದಾಗಬೇಕೆಂದು ವಾದಿಸಲು ಹೊರಟಾಗ, ನ್ಯಾಯಾಧೀಶರೇ ಅವರನ್ನು ತಡೆದರು. ಎಂಥ ನುರಿತ ಲೆಕ್ಕಿಗನಿಂದಲೂ ಇಂಥ ತಪ್ಪಾಗಬಹುದು, ಅಷ್ಟಕ್ಕೇ ಎರಡೂ ಕಡೆಯವರನ್ನು ಹೊಸ ಖರ್ಚಿಗೆ ಗುರಿಮಾಡಬೇಕಾಗಿಲ್ಲ ಎಂಬುದು ಅವರ ನಿಲುವು. ತಪ್ಪೊಂದನ್ನು ತಿದ್ದಿ ತೀರ್ಪು ಊರ್ಜಿತವಾಯಿತು.

ಇಲ್ಲಿ ತಪ್ಪು ಮಾಡಿದವರು ಪಂಚರು. ಕಂಡವರು ಇಬ್ಬರು ವಕೀಲರು. ಆ ತಪ್ಪು ಪಂಚರ ಕೈಯಲ್ಲಿ ಇದ್ದಷ್ಟು ಹೊತ್ತು ನಿರ್ದೋಷವಾಗಿತ್ತು. ಕಂಡ ಮೇಲೂ ಸುಮ್ಮನಿದ್ದಿದ್ದರೆ ಅದೇ ತಪ್ಪು ವಕೀಲರ ಕೈಯಲ್ಲಿ ಮೋಸವಾಗುತ್ತಿತ್ತು. ನಮ್ಮ ದೇಶದ ಇಂದಿನ ಕಾನೂನೂ ಈ ವ್ಯತ್ಯಾಸವನ್ನು ಗುರುತಿಸುತ್ತದೆ. 1961ರ ವಕೀಲರ ಕಾಯ್ದೆಯ 35ನೆಯ ಕಲಮಿನಂತೆ ರಾಜ್ಯ ವಕೀಲರ ಪರಿಷತ್ತಿನ ಶಿಸ್ತು ಸಮಿತಿ ದುರ್ನಡತೆಗಾಗಿ ವಕೀಲನಿಗೆ ಛೀಮಾರಿ ಹಾಕಬಹುದು, ಕೆಲಕಾಲ ಅಮಾನತಿನಲ್ಲಿಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ಆದರೆ ಸದ್ಭಾವನೆಯಿಂದ ನಡೆದವನ ಬರೀ ಅಂದಾಜಿನ ತಪ್ಪನ್ನು ನ್ಯಾಯಾಲಯಗಳು ದುರ್ನಡತೆಯೆಂದು ಎಣಿಸುವುದಿಲ್ಲ.

ಒಪ್ಪಿಕೊಂಡವರೆಲ್ಲ ಗೆದ್ದರೇ?

ಈ ಘಟನೆಯೊಂದನ್ನೇ ಹೇಳಿದರೆ, ನಿಜ ಹೇಳಿದರೆ ಯಾವಾಗಲೂ ಗೆಲುವು ಎಂಬ ಸುಲಭದ ನೀತಿಯನ್ನು ಮಕ್ಕಳು ಬರೆದುಕೊಳ್ಳುತ್ತಾರೆ. ಹಾಗಿಲ್ಲ. ಜೊಹಾನ್ಸ್‌ಬರ್ಗಿನಲ್ಲಿ ಒಂದು ಕೇಸು ನಡೆಯುತ್ತಿದ್ದಾಗ ಕಕ್ಷಿದಾರ ತಮಗೆ ಸುಳ್ಳು ಹೇಳಿದ್ದಾನೆಂದು ಗಾಂಧಿಯವರಿಗೆ ಗೊತ್ತಾಯಿತು. ಮುಂದೆ ವಾದಿಸದೆ, ತಮ್ಮ ಕಕ್ಷಿದಾರನ ದಾವೆಯನ್ನು ವಜಾ ಮಾಡಬೇಕೆಂದು ತಾವೇ ಮ್ಯಾಜಿಸ್ಟ್ರೇಟರನ್ನು ಕೇಳಿಕೊಂಡರು. ಅವನು ಸೋತ. ಸುಳ್ಳು ಕೇಸು ತಂದದ್ದಕ್ಕೆ ಅವನನ್ನು ಬೈದರು, ಅವನೂ ತಪ್ಪೊಪ್ಪಿಕೊಂಡ.

ಇನ್ನೊಂದು ಪ್ರಸಂಗ ಪಾರ್ಸಿ ರುಸ್ತುಂಜಿಯವರದು. ಗಾಂಧಿಯವರ ಆಪ್ತರೂ ಕಕ್ಷಿದಾರರೂ ಆಗಿದ್ದ ಈ ವ್ಯಾಪಾರಿ ಸುಂಕ ತಪ್ಪಿಸಿ ಸರಕು ತರಿಸುತ್ತಿದ್ದರು. ಸಿಕ್ಕಿಬಿದ್ದಾಗ ಓಡಿಬಂದರು. ಗಾಂಧಿಯವರು ಕೊಟ್ಟ ಸಲಹೆ ಕಹಿಯಾಗಿತ್ತು. ಸುಂಕದ ಅಧಿಕಾರಿಯ ಬಳಿ ಹೋಗಿ, ಸಿಕ್ಕಿದ್ದನ್ನಷ್ಟೇ ಅಲ್ಲ, ಹಿಂದಿನದನ್ನೂ ಒಪ್ಪಿಕೊಂಡು ಅವರು ಹೇಳಿದ ದಂಡ ಕಟ್ಟಬೇಕು, ಜೈಲೇ ಆದರೆ ಅದಕ್ಕೂ ಸಿದ್ಧರಿರಬೇಕು. ರುಸ್ತುಂಜಿ ಒಪ್ಪಿದರು. ತಪ್ಪಿಸಿದ್ದಾಗಿ ಒಪ್ಪಿಕೊಂಡ ಮೊತ್ತದ ಎರಡರಷ್ಟು ದಂಡ ಕಟ್ಟುವುದರೊಂದಿಗೆ ವಿಷಯ ಮುಗಿಯಿತು. ಅವರು ಈ ಸಂಗತಿಯನ್ನೆಲ್ಲ ಬರೆಸಿ, ಕಟ್ಟು ಹಾಕಿಸಿ, ತಮ್ಮ ಕಚೇರಿಯಲ್ಲಿ ತೂಗುಹಾಕಿದರು. ಮುಂದಿನ ಪೀಳಿಗೆಗೆ ಅದೊಂದು ಎಚ್ಚರಿಕೆಯಾಗಿರಲಿ ಎಂಬುದು ಅವರ ಉದ್ದೇಶ. ರುಸ್ತುಂಜಿ ಮಾಡಿದ್ದು ಪ್ರಾಮಾಣಿಕ ತಪ್ಪಲ್ಲ, ತಿಳಿದೂ ಮಾಡಿದ್ದು. ಆದರೆ ತಿಳಿದು ಮಾಡಿದ ತಪ್ಪಿನಿಂದಲೂ ಹಿಂದಿರುಗುವ ದಾರಿ ಇದೆ, ಅದು ದುಬಾರಿ, ಅಷ್ಟೆ.

ತಮಗೆ ಗೊತ್ತಿಲ್ಲದ್ದನ್ನು ಗಾಂಧಿಯವರು ಕಕ್ಷಿದಾರರಿಂದಾಗಲಿ ಜೊತೆಯ ವಕೀಲರಿಂದಾಗಲಿ ಮುಚ್ಚಿಡುತ್ತಿರಲಿಲ್ಲ. ತಿಳಿಯದ ವಿಷಯ ಬಂದರೆ ಬೇರೆ ವಕೀಲರಲ್ಲಿಗೆ ಹೋಗಲು ಹೇಳುತ್ತಿದ್ದರು, ಇಲ್ಲವೇ ಹಿರಿಯರ ಸಲಹೆ ಪಡೆಯಲು ಅನುಮತಿ ಕೇಳುತ್ತಿದ್ದರು. ಇದರಿಂದ ಕಕ್ಷಿದಾರರ ನಂಬಿಕೆ ಕುಗ್ಗಲಿಲ್ಲ, ಬೆಳೆಯಿತು.

ಶಿಕ್ಷಕನಾಗಿ, ನಾಯಕನಾಗಿ

ಒಮ್ಮೆ ಕೈತಪ್ಪಿದ ಶಿಕ್ಷಕ ವೃತ್ತಿ ಬೇರೆ ರೂಪದಲ್ಲಿ ಅವರಿಗೆ ಒದಗಿತು. 1910ರಲ್ಲಿ ಶುರುವಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಸತ್ಯಾಗ್ರಹಿಗಳ ಮಕ್ಕಳಿಗೆ ಅವರೇ ಪಾಠ ಹೇಳುತ್ತಿದ್ದರು. ಹೊಡೆದು ಕಲಿಸುವುದಕ್ಕೆ ಅವರು ವಿರೋಧಿ. ಆದರೂ ಒಂದು ದಿನ, ಎಷ್ಟು ಹೇಳಿದರೂ ಕೇಳದ ಹುಡುಗನ ತೋಳಿಗೆ ರೂಲು ದೊಣ್ಣೆಯಿಂದ ಹೊಡೆದುಬಿಟ್ಟರು. ಹೊಡೆಯುವಾಗ ಅವರ ಕೈ ನಡುಗಿತು. ಹುಡುಗ ಅತ್ತು ಕ್ಷಮೆ ಕೇಳಿದ, ಆಮೇಲೆ ವಿಧೇಯನೂ ಆದ. ಫಲ ಸಿಕ್ಕಿತಲ್ಲ ಎಂದು ಗಾಂಧಿಯವರು ಸಮಾಧಾನಪಡಲಿಲ್ಲ. ಆ ಹೊಡೆತದಲ್ಲಿ ಹುಡುಗನಿಗೆ ಕಂಡದ್ದು ತಮ್ಮೊಳಗಿನ ಪಶುವೆಂದು ಪಶ್ಚಾತ್ತಾಪಪಟ್ಟರು. ಫಲ ಕೊಟ್ಟ ತಪ್ಪನ್ನೂ ತಪ್ಪೆಂದು ಕರೆಯುವುದು ಶಿಕ್ಷಕರಿಗೆ ಇನ್ನೂ ಕಷ್ಟದ ಶಿಸ್ತು.

ಭಾರತಕ್ಕೆ ಬಂದ ಮೇಲೆ ಅವರ ತಪ್ಪುಗಳ ಗಾತ್ರವೂ ಬೆಳೆಯಿತು. 1919ರ ಏಪ್ರಿಲಿನಲ್ಲಿ ರ‍್ಯಾಲೆಟ್ ಕಾಯ್ದೆಯ ವಿರುದ್ಧ ಸತ್ಯಾಗ್ರಹ ನಡೆದಾಗ ಅಹಮದಾಬಾದ್ ಮುಂತಾದ ಕಡೆ ಹಿಂಸೆ ನಡೆಯಿತು. ಜನರನ್ನು ತಯಾರು ಮಾಡದೆ ಕಾನೂನು ಭಂಗಕ್ಕೆ ಕರೆದದ್ದು ತಮ್ಮ ಹಿಮಾಲಯದಷ್ಟು ದೊಡ್ಡ ತಪ್ಪೆಂದು ಅವರು ಬಹಿರಂಗ ಸಭೆಯಲ್ಲೇ ಒಪ್ಪಿಕೊಂಡರು. ಏಪ್ರಿಲ್ 18ರಂದು ಸತ್ಯಾಗ್ರಹವನ್ನು ನಿಲ್ಲಿಸಿದರು. ಹಲವರು ನಕ್ಕರು, ಅವರು ವಿಷಾದಪಡಲಿಲ್ಲ.

ಆದರೆ ಎಲ್ಲಕ್ಕೂ ಕ್ಷಮೆ ಕೇಳುವ ಸ್ವಭಾವ ಅವರದಲ್ಲ. ಅದೇ ವರ್ಷ ಅಹಮದಾಬಾದಿನ ಜಿಲ್ಲಾ ನ್ಯಾಯಾಧೀಶರು ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದ ವಕೀಲರ ಬಗ್ಗೆ ಹೈಕೋರ್ಟಿಗೆ ಬರೆದ ಪತ್ರವನ್ನು ಗಾಂಧಿಯವರು ಯಂಗ್ ಇಂಡಿಯಾದಲ್ಲಿ ಟೀಕೆಯೊಂದಿಗೆ ಪ್ರಕಟಿಸಿದರು. ನ್ಯಾಯಾಂಗ ನಿಂದನೆಯ ಪ್ರಕರಣವಾಯಿತು. ಕ್ಷಮಾಪಣೆ ಪ್ರಕಟಿಸಿದರೆ ಮುಗಿಯುತ್ತಿತ್ತು. ತಾವು ತಪ್ಪು ಮಾಡಿಲ್ಲವೆಂದು ನಂಬಿದ್ದುದರಿಂದ ಬಾಯಿಮಾತಿನ ಕ್ಷಮೆ ಕೇಳಲು ಅವರು ಒಪ್ಪಲಿಲ್ಲ. 1920ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟು ಛೀಮಾರಿ ಹಾಕಿ ಎಚ್ಚರಿಕೆ ಕೊಟ್ಟಿತು. ಅವರ ಪ್ರಕಾರ, ಮನಸ್ಸಿಲ್ಲದೆ ಕೇಳಿದ ಕ್ಷಮೆಯೂ ಸುಳ್ಳೇ.

1922ರ ಮಾರ್ಚ್ 18ರಂದು ರಾಜದ್ರೋಹದ ಆರೋಪದ ಮೇಲೆ ಅವರಿಗೆ ಆರು ವರ್ಷ ಜೈಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಇನ್ನರ್ ಟೆಂಪಲ್ ಅವರ ಹೆಸರನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ವೃತ್ತಿಯ ಅತಿ ದೊಡ್ಡ ಶಿಕ್ಷೆ ಅದು. 1948ರ ಜನವರಿ 30ರಂದು ಅವರು ಕೊಲೆಯಾದಾಗ ಆ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. 1988ರಲ್ಲಿ ಅದೇ ಸಂಸ್ಥೆ ಹೆಸರನ್ನು ಮತ್ತೆ ಸೇರಿಸಿತು. ತಪ್ಪನ್ನು ತಿದ್ದಿಕೊಳ್ಳಲು ಒಂದು ಸಂಸ್ಥೆಗೆ 66 ವರ್ಷ ಬೇಕಾಯಿತು.

ಅವರು ಜೈಲಿನಲ್ಲಿದ್ದಾಗ ಯಂಗ್ ಇಂಡಿಯಾ ಪತ್ರಿಕೆಯನ್ನು ನೋಡಿಕೊಂಡವರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿ ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ವಕೀಲರಾಗಿ ಹೆಸರು ಮಾಡಿ, ಅಸಹಕಾರದ ಕರೆಗೆ ಓಗೊಟ್ಟು ವಕೀಲಿ ಬಿಟ್ಟವರು ಅವರು. ನಮ್ಮ ರಾಜಾಜಿನಗರಕ್ಕೆ ಅವರದೇ ಹೆಸರು. ಈ ಬಡಾವಣೆಯ ಮಕ್ಕಳಿಗೆ ಪಾಠವನ್ನು ಅವರ ಊರಿನ ಹೆಸರಿನಿಂದಲೇ ಆರಂಭಿಸಿ ಗಾಂಧಿಯವರತ್ತ ಕರೆದೊಯ್ಯಬಹುದು.

ಅಭ್ಯಾಸ ಪಾಠಕ್ಕೆ ಇದರ ಉಪಯೋಗ

ಈ ಜೀವನದಿಂದ ನನಗೆ ಕಾಣುವ ಮುಖ್ಯ ಅಂಶ ಒಂದೇ. ತಪ್ಪಾಗದಂತೆ ನೋಡಿಕೊಳ್ಳುವುದು ವೃತ್ತಿಶಿಸ್ತಿನ ಅರ್ಧ. ಆದ ತಪ್ಪನ್ನು, ಅದು ನಮಗೆ ಲಾಭದ್ದಾಗಿದ್ದರೂ, ಸಂಬಂಧಪಟ್ಟವರ ಮುಂದಿಟ್ಟು ತಿದ್ದುವುದು ಉಳಿದರ್ಧ. ನಮ್ಮ ಪ್ರಶಿಕ್ಷಣ ಮೊದಲಿನ ಅರ್ಧಕ್ಕೆ ಮಾತ್ರ ಅಂಕ ಕೊಡುತ್ತದೆ.

ವಿಜಯನಗರದ ಕಡೆಯ ಒಂದು ಶಾಲೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಬ್ಬ ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ಇಸವಿಯೊಂದನ್ನು ತಪ್ಪು ಬರೆದರು. ಮೂರನೆಯ ಸಾಲಿನ ಹುಡುಗಿ ಎದ್ದು ನಿಂತು, ಮಿಸ್, ಪುಸ್ತಕದಲ್ಲಿ ಬೇರೆ ಇದೆ ಎಂದಳು. ಪ್ರಶಿಕ್ಷಣಾರ್ಥಿ ಪುಸ್ತಕ ತೆಗೆದು ನೋಡಿ, ಹೌದಮ್ಮ ಎಂದು ಒಪ್ಪಿ, ಹಲಗೆ ತಿದ್ದಿ, ಎಲ್ಲರೂ ನೋಟ್ಸಿನಲ್ಲಿ ತಿದ್ದಿಕೊಂಡರೇ ಎಂದು ಸಾಲುಸಾಲಾಗಿ ಹೋಗಿ ನೋಡಿದರು. ಅದೇ ವಾರ ಇನ್ನೊಬ್ಬರು ಅಂಥದೇ ತಪ್ಪನ್ನು ಯಾರೂ ಗಮನಿಸುವ ಮೊದಲೇ ಡಸ್ಟರಿನಿಂದ ಒರೆಸಿ ಮುಂದೆ ಹೋದರು. ಹಲವು ಮಕ್ಕಳ ನೋಟ್ಸಿನಲ್ಲಿ ತಪ್ಪು ಹಾಗೇ ಉಳಿಯಿತು. ಮುದ್ರಿತ ವೀಕ್ಷಣಾ ನಮೂನೆಯ ಪ್ರಕಾರ ಮೊದಲನೆಯವರಿಗೆ ವಿಷಯ ಪ್ರಭುತ್ವದಲ್ಲಿ ಅಂಕ ಕಡಿತ, ಎರಡನೆಯವರಿಗೆ ಇಲ್ಲ. ತಪ್ಪನ್ನು ಗುರುತು ಹಾಕಲು ಅದರಲ್ಲಿ ಜಾಗವಿದೆ, ತಿದ್ದಿದ್ದನ್ನು ಗುರುತು ಹಾಕಲು ಇಲ್ಲ. ರಾಜಕೋಟೆಯ ಶಿಕ್ಷಕರನ್ನು ಬೂಟಿನಿಂದ ತಿವಿಯುವಂತೆ ಮಾಡಿದ ಭಯವನ್ನೇ ಇಂಥ ನಮೂನೆ ಹೊಸ ಶಿಕ್ಷಕರಲ್ಲೂ ಬೆಳೆಸುತ್ತದೆ. ನಾಳೆ ಅವರು ಉತ್ತರ ಪತ್ರಿಕೆಗಳ ಅಂಕ ಕೂಡುವಾಗ ತಪ್ಪಾದರೆ, ಮಗುವಿನ ಮುಂದೆ ಅದನ್ನು ಒಪ್ಪಿಕೊಳ್ಳುತ್ತಾರೆಂದು ಹೇಗೆ ನಿರೀಕ್ಷಿಸುವುದು?

ಆದ್ದರಿಂದ ಶಿಕ್ಷಕ ಶಿಕ್ಷಣದ ಸಹೋದ್ಯೋಗಿಗಳ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಮೊದಲನೆಯದು, ವೀಕ್ಷಣಾ ನಮೂನೆಯಲ್ಲಿ ಒಂದು ಸಾಲು ಸೇರಿಸೋಣ: ಪಾಠದಲ್ಲಿ ಆದ ತಪ್ಪನ್ನು ತರಗತಿಯ ಮುಂದೆ ತಿದ್ದಲಾಯಿತೇ, ಮಕ್ಕಳ ನೋಟ್ಸಿನವರೆಗೆ ಆ ತಿದ್ದುಪಡಿ ಮುಟ್ಟಿತೇ. ಕಡಿತವಾದ ಅಂಕಕ್ಕೆ ಸಮನಾದ ಅಂಕ ಇಲ್ಲಿ ಸಿಗಲಿ. ಸಿದ್ಧತೆಯಿಲ್ಲದೆ ಬಂದವರಿಗೆ ಇದರ ರಕ್ಷಣೆ ಬೇಡ, ಅದನ್ನು ಪಾಠ ಟಿಪ್ಪಣಿ ನೋಡಿದರೇ ತಿಳಿಯುತ್ತದೆ. ಎರಡನೆಯದು, ಪಾಠದ ನಂತರದ ವಿಮರ್ಶೆಯಲ್ಲಿ ಮೊದಲ ಮಾತು ಪ್ರಶಿಕ್ಷಣಾರ್ಥಿಯದಾಗಲಿ. ಎಲ್ಲಿ ತಪ್ಪಿದೆನೆಂದು ಅವರೇ ಮೊದಲು ಹೇಳಲಿ, ವೀಕ್ಷಕರು ಆಮೇಲೆ ಮಾತಾಡಲಿ.

ಮೂರನೆಯದು ತರಗತಿಗೆ. ಲೆಕ್ಕದ ತಪ್ಪಿನ ಮೊಕದ್ದಮೆಯನ್ನು ಎಂಟು, ಒಂಬತ್ತನೆಯ ತರಗತಿಯ ಒಂದು ಅವಧಿಯಲ್ಲಿ ಚರ್ಚೆಯಾಗಿ ನಡೆಸಬಹುದು. ಮೊದಲ ಹತ್ತು ನಿಮಿಷ ಕಥೆ ಹೇಳಿ, ಹಿರಿಯ ವಕೀಲರು ಹಿಂದೆ ಸರಿಯುವಲ್ಲಿಗೆ ನಿಲ್ಲಿಸಿ. ಅರ್ಧ ತರಗತಿ ಹಿರಿಯರ ಪರ, ಅರ್ಧ ಕಿರಿಯರ ಪರ ಹದಿನೈದು ನಿಮಿಷ ವಾದಿಸಲಿ. ಹಿರಿಯರ ಪಕ್ಷಕ್ಕೆ ಚೆನ್ನಾಗಿ ಮಾತಾಡಬಲ್ಲ ಮಕ್ಕಳನ್ನೇ ಹಾಕಿ, ಆ ಪಕ್ಷ ದುರ್ಬಲವಾದರೆ ಪಾಠವೂ ದುರ್ಬಲವಾಗುತ್ತದೆ. ಬಳಿಕ ಕೋರ್ಟಿನಲ್ಲಿ ನಡೆದದ್ದನ್ನು ಹೇಳಿ. ಕೊನೆಗೆ, ನ್ಯಾಯಾಧೀಶರು ಆ ತೀರ್ಪನ್ನು ರದ್ದು ಮಾಡಿದ್ದರೆ ಗಾಂಧಿಯವರು ಮಾಡಿದ್ದು ತಪ್ಪಾಗುತ್ತಿತ್ತೇ ಎಂಬ ಒಂದೇ ಪ್ರಶ್ನೆಗೆ ಪ್ರತಿಯೊಬ್ಬರೂ ನೋಟ್ಸಿನಲ್ಲಿ ಐದು ಸಾಲು ಬರೆಯಲಿ. ಆ ಉತ್ತರಗಳಿಗೆ ಸರಿ, ತಪ್ಪು ಎಂದು ಗುರುತು ಹಾಕದೆ, ಮರುದಿನ ಓದಿಸಿ ಕೇಳಿ.